ಬಹಾಮಾಸ್‌ನ ನೀಲಿ ಕುಳಿಗಳು

ಅಟ್ಲಾಂಟಿಕ್ ಸಾಗರದ ಬಹಾಮಾಸ್ ದ್ವೀಪಸಮೂಹದ ಸುಣ್ಣಕಲ್ಲಿನಲ್ಲಿ ಉಂಟಾಗಿರುವ, ನೀರು ತುಂಬಿದ ಆಳವಾದ ಗುಹೆಗಳು. ಒಳನಾಡಿನಲ್ಲೂ ಕರಾವಳಿಯ ಕಡಲಿನಲ್ಲೂ ಇವೆ. ಆಂಡ್ರೊಸ್, ಅಬಾಕೊ, ಗ್ರ್ಯಾಂಡ್ ಬಹಾಮಾ, ಲಾಂಗ್ ಐಲೆಂಡ್ ದ್ವೀಪಗಳ ಕುಳಿಗಳು ಹೆಸರಾಗಿವೆ. ಲಾಂಗ್ ಐಲೆಂಡಿನ ಡೀನ್ಸ್ ಕುಳಿಯ ಆಳ 202 ಮೀ.

ಉಗಮ: ಮಳೆನೀರು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗಿ ಸುಣ್ಣಕಲ್ಲನ್ನು ಕರಗಿಸುತ್ತದೆ. ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರು ಅದರೊಡನೆ ಬೆರೆಯುವೆಡೆ ಈ ಕೆಲಸ ಇನ್ನೂ ಚುರುಕು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀ. ಕೆಳಗಿತ್ತು. ಆಗ ಗುಹೆಗಳು ಬರಿದಾಗಿ, ನೀರಿನ ಆಸರೆ ತಪ್ಪಿದ ಚಾವಣಿಗಳು ಅಲ್ಲಲ್ಲಿ ಕುಸಿದವು. ಹಿಮ ಕರಗಿ ಕಡಲೇರಿದಾಗ ಗುಹೆಗಳು ಮತ್ತೆ ಮುಳುಗಿದವು.

ಅನ್ವೇಷಣೆ: ದ್ವೀಪಗಳ ಮೂಲನಿವಾಸಿಗಳಾದ ಲೂಕಾಯನ್ನರು ಕೆಲವು ಗುಹೆಗಳಲ್ಲಿ ಶವಸಂಸ್ಕಾರ ಮಾಡುತ್ತಿದ್ದರು. ಭರತ ಇಳಿತಗಳೊಂದಿಗೆ ಕಡಲ ಕುಳಿಗಳು ನೀರನ್ನು ಸೆಳೆದುಕೊಂಡು ಮತ್ತೆ ಉಗುಳುತ್ತವೆ; ಬಾಯಲ್ಲಿ ಸುಳಿ ಏಳುವುದೂ ಉಂಟು. ಆಂಡ್ರೊಸ್‌ನ ಜನ ಇದು ಲಸ್ಕಾ ಎಂಬ ರಾಕ್ಷಸನ ಉಸಿರಾಟವೆಂದು ಹೇಳುತ್ತಿದ್ದರು. 1960ರ ದಶಕದಲ್ಲಿ ಕೆನಡಾದ ಜಾರ್ಜ್ ಬೆಂಜಮಿನ್ ಆಂಡ್ರೊಸ್‌ನ ಕುಳಿಗಳೊಳಗೆ ಮುಳುಗಿ, ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಂಬಗಳನ್ನು ಕಂಡ. ಹನಿ ತೊಟ್ಟಿಕ್ಕದೆ ಬೆಳೆಯದ ಈ ಕಂಬಗಳು, ಗುಹೆಗಳು ಹಿಂದೊಮ್ಮೆ ಗಾಳಿಯಾಡುವ ಒಣ ತಾಣಗಳಾಗಿದ್ದುದಕ್ಕೆ ಸಾಕ್ಷಿಯಾದವು. 1970ರಲ್ಲಿ ಸಾಗರಾನ್ವೇಷಕ ಜಾಕ್ ಕೂಸ್ಟೊನ ತಂಡ ಇಲ್ಲಿ ಚಿತ್ರೀಕರಣ ನಡೆಸಿತು.

ಜೀವಿಗಳು: 1979ರಲ್ಲಿ ಜೀವಶಾಸ್ತ್ರಜ್ಞೆ ಜಿಲ್ ಯಾಗರ್ ಗ್ರ್ಯಾಂಡ್ ಬಹಾಮಾದ ಲೂಕಾಯನ್ ಗುಹೆಯಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ ಪುಟ್ಟ ಜೀವಿಯನ್ನು ಕಂಡುಹಿಡಿದಳು. ಉದ್ದನೆಯ ಮೈಯ ಎರಡೂ ಬದಿಗೆ ಸಾಲುಗಾಲುಗಳಿರುವ ಇದು ಅಂಗಾತ ಈಜುತ್ತದೆ. 1981ರಲ್ಲಿ ಇದಕ್ಕಾಗಿ ಏಡಿ, ಸಿಗಡಿಗಳ ಬಳಗದಲ್ಲಿ ರೆಮಿಪೀಡಿಯ ಎಂಬ ಹೊಸ ವರ್ಗವನ್ನೇ ರಚಿಸಲಾಯಿತು. ಕೀಟಗಳಿಗೆ ಅತಿ ಹತ್ತಿರದ ಸಂಬಂಧಿಗಳು ಇವೇ ಎಂದು ನಂತರದ ಅನುವಂಶೀಯ ಅಧ್ಯಯನಗಳು ಸೂಚಿಸಿವೆ. ಬಹಾಮಾಸ್‌ನ ಗುಹಾಮೀನು ಲೂಸಿಫ್ಯೂಗ ಸ್ಪೀಲಿಯೋಟಿಸ್ ಕೂಡ ಇಂಥ ಕತ್ತಲ ನೀರಿನ ವಾಸಿ.

ಪಳೆಯುಳಿಕೆಗಳು: ಅಬಾಕೊದ ಸಾಮಿಲ್ ಸಿಂಕ್ ಕುಳಿಯ ಆಳದಲ್ಲಿ ಆಮ್ಲಜನಕವಿಲ್ಲದ್ದರಿಂದ ಮೂಳೆಗಳು ಕೆಡದೆ ಉಳಿದಿವೆ. ದ್ವೀಪದಿಂದ ಕಣ್ಮರೆಯಾದ ಮೊಸಳೆ, ಈಗ ಅಳಿದುಹೋಗಿರುವ ಭೂಆಮೆಗಳ ಅವಶೇಷಗಳು ಅಲ್ಲಿ ದೊರೆತಿವೆ.

ರಕ್ಷಣೆ: 1982ರಲ್ಲಿ ಲೂಕಾಯನ್ ಗುಹೆಯನ್ನು ಒಳಗೊಂಡ ಲೂಕಾಯನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಹಲವು ದ್ವೀಪಗಳ ಕುಡಿಯುವ ನೀರೂ ಇದೇ ಸುಣ್ಣಕಲ್ಲಿನ ಸಿಹಿನೀರಿನ ಪದರದಿಂದ ಬರುವುದರಿಂದ, ಕುಳಿಗೆ ಎಸೆದ ಕಸದ ಹಾನಿ ಗುಹಾಜೀವಿಗಳಷ್ಟೇ ಅಲ್ಲದೆ ಜನರಿಗೂ ತಟ್ಟುತ್ತದೆ.