ಅಂತಃಪುರದ ಛಾಯಾಚಿತ್ರ

ಮಾಯಸಂದ್ರದ ತೆಂಗಿನ ಸೀಮೆಯ ಹಳೆಯ ಮನೆಗಳಲ್ಲಿ ಮುತ್ತಜ್ಜಿಯರ ಛಾಯಾಚಿತ್ರವೊಂದು ಉಳಿದಿದ್ದರೆ, ಅದರಲ್ಲಿ ಹಣೆಯ ಕುಂಕುಮವು ಕಾಡಿಗೆಯಂತೆ ಕಪ್ಪಾಗಿ ಕಾಣುವುದು ಆಶ್ಚರ್ಯವಲ್ಲ. ಆ ಕಾಲದ ಗಾಜಿನ ಫಲಕಗಳು ನೀಲಿಯನ್ನು ಬಿಳುಪಾಗಿಯೂ ಕೆಂಪನ್ನು ಕಪ್ಪಾಗಿಯೂ ಗ್ರಹಿಸುತ್ತಿದ್ದವು. ಅರಿಸಿನ ಹಚ್ಚಿದ ಮುಖವೂ ಮಂಕಾಗುತ್ತಿತ್ತು. ಆದುದರಿಂದ ಸೀರೆಯ ಬಣ್ಣವನ್ನು ಆರಿಸುವುದೂ ಅಲುಗಾಡದೆ ಕುಳಿತಿರುವುದೂ ಚಿತ್ರಕ್ಕೆ ಬೇಕಾದ ಸಿದ್ಧತೆಯೇ ಆಗಿದ್ದವು.

ಆದರೆ ಇವೆಲ್ಲಕ್ಕಿಂತ ಮೊದಲು ತೀರಬೇಕಾದುದು, ಯಂತ್ರದ ಹಿಂದೆ ನಿಲ್ಲುವವರಾರೆಂಬ ಪ್ರಶ್ನೆ. ಕಲಬುರಗಿ, ರಾಯಚೂರು, ಬೀದರ ಸೀಮೆಗಳನ್ನೂ ಆಳುತ್ತಿದ್ದ ನಿಜಾಮರ ರಾಜಧಾನಿಯಾದ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳರು 1892ರಲ್ಲಿ ಸ್ತ್ರೀಯರಿಗಾಗಿಯೇ ಜನಾನಾ ಸ್ಟುಡಿಯೋ ಒಂದನ್ನು ತೆರೆದರು. ಎತ್ತರವಾದ ಗೋಡೆಗಳು ಹೊರಗಿನ ಕಣ್ಣುಗಳನ್ನು ತಡೆದವು; ಚಿತ್ರ ತೆಗೆಯುವ ಹೊಣೆಯನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯು ವಹಿಸಿಕೊಂಡರು. ಪರಪುರುಷರ ಮುಂದೆ ಬಾರದ ಹೆಂಗಸರಿಗೂ ಸಿಂಗರಿಸಿಕೊಂಡು ಕುಳ್ಳಿರಲು ಅಲ್ಲಿ ಅವಕಾಶವಾಯಿತು.

ಒಡವೆವಸ್ತ್ರಗಳು ಚಿತ್ರಕ್ಕೆ ಅಂದವನ್ನು ಕೊಟ್ಟಾವು. ಕುಳಿತವಳ ಮುಖಕ್ಕೆ ನೆಮ್ಮದಿಯನ್ನು ಕೊಡುವುದೋ, ತನ್ನನ್ನು ಯಾರು ನೋಡಬೇಕು, ತೆಗೆದ ಚಿತ್ರ ಯಾರ ಕೈ ಸೇರಬೇಕು ಎಂಬುದನ್ನು ತಾನೇ ನಿಶ್ಚಯಿಸುವ ಅಧಿಕಾರ. ಸಿದ್ಧತೆಗಳಲ್ಲೆಲ್ಲ ಮೊದಲನೆಯದು ಅದೇ.