ಇಂಗಾಲದ ಉಷ್ಣಕವಚಗಳ ಸವೆತ: ಗೆಲಿಲಿಯೊ ಮತ್ತು ಸ್ಟಾರ್‌ಡಸ್ಟ್ ಒದಗಿಸುವ ಸಾಕ್ಷ್ಯ

ಪೀಠಿಕೆ

ಗ್ರಹದ ವಾತಾವರಣವನ್ನು ಅತಿವೇಗದಲ್ಲಿ ಹೊಗುವ ನೌಕೆಯ ಮುಂದೆ ಆಘಾತ ತರಂಗ ಏಳುತ್ತದೆ. ಅದರೊಳಗೆ ಸಿಕ್ಕಿದ ಅನಿಲ ಸಾವಿರಾರು ಡಿಗ್ರಿಗೆ ಕಾಯುತ್ತದೆ. ಈ ಶಾಖಕ್ಕೆ ಒಡ್ಡುವ ಕವಚವನ್ನು ಇಂಗಾಲದ ನಾರು ಮತ್ತು ಫೀನಾಲಿಕ್ ರಾಳ ಸೇರಿದ ಕಾಂಪೋಸಿಟ್‌ನಿಂದ ಮಾಡುವುದುಂಟು. ತಾನು ಸವೆಯುತ್ತಲೇ ಒಳಗಿನದನ್ನು ಕಾಯುವುದು ಇದರ ಗುಣ. ಯಾವ ಭಾಗ ಎಷ್ಟು ಸವೆಯುತ್ತದೆ ಎಂಬ ಲೆಕ್ಕವೇ ವಿನ್ಯಾಸದ ತಿರುಳು. ಸವೆತದ ಹಲವು ಪ್ರಕ್ರಿಯೆಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದನ್ನು ಸುತ್ತಲಿನ ಅನಿಲ ಮತ್ತು ಅದರ ಹರಿವು ತೀರ್ಮಾನಿಸುತ್ತವೆ ಎಂಬುದು ಪ್ರಸ್ತುತ ಲೇಖನದ ವಾದ.

ಸವೆತದ ಬಗೆಗಳು

ಉಷ್ಣತೆ ಕೆಲವು ನೂರು ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ರಾಳ ಒಡೆಯುತ್ತದೆ. ನೀರಾವಿ, ಹೈಡ್ರೋಜನ್, ಮೀಥೇನ್ ಮೊದಲಾದ ಅನಿಲಗಳು ಹೊರಟು, ರಂಧ್ರಮಯವಾದ ಕರಿ ಉಳಿಯುತ್ತದೆ. ಈ ವಿಭಜನೆ ಶಾಖವನ್ನು ಹೀರುತ್ತದೆ. ಹೊರನುಗ್ಗುವ ಅನಿಲಗಳು ದಾರಿಯಲ್ಲಿ ಕರಿಯನ್ನು ತಣಿಸಿ, ಮೇಲ್ಮೈಗೆ ಅಂಟಿದಂತಿರುವ ಗಡಿಪದರವನ್ನು ದಪ್ಪಗೊಳಿಸಿ, ಬಿಸಿ ಹರಿವನ್ನು ಆಚೆ ತಳ್ಳುತ್ತವೆ.

ಬಳಿಕ ಕರಿಯೇ ಸವೆಯತೊಡಗುತ್ತದೆ. ಗಾಳಿಯಲ್ಲಿ ಇದಕ್ಕೆ ಮೊದಲ ಕಾರಣ ಉತ್ಕರ್ಷಣ. ಕಡಿಮೆ ಉಷ್ಣತೆಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ. ಹಾಗಾಗಿ ಆಮ್ಲಜನಕಕ್ಕೆ ರಂಧ್ರಗಳ ಆಳಕ್ಕೆ ಇಳಿಯುವ ಅವಕಾಶ ಸಿಗುತ್ತದೆ. ದಪ್ಪ ಹೆಚ್ಚು ಕುಗ್ಗದಿದ್ದರೂ ಒಳಗಿನ ನಾರುಗಳು ತೆಳುವಾಗಿ ಕವಚ ದುರ್ಬಲಗೊಳ್ಳುತ್ತದೆ. ಉಷ್ಣತೆ ಏರಿದಾಗ ಬಂದ ಆಮ್ಲಜನಕವೆಲ್ಲ ಮೇಲ್ಮೈಯಲ್ಲೇ ವೆಚ್ಚವಾಗಿ, ನಾರುಗಳ ತುದಿ ಸೂಜಿಯಂತೆ ಚೂಪಾಗುತ್ತದೆ. ಆಗ ಸವೆತದ ದರವನ್ನು ಆಮ್ಲಜನಕದ ಪೂರೈಕೆ ನಿಯಂತ್ರಿಸುತ್ತದೆ. ಉಷ್ಣತೆ ಇನ್ನಷ್ಟು ಏರಿದರೂ ದರ ಹೆಚ್ಚು ಬದಲಾಗದು. ಸುಮಾರು 3,000 ಕೆಲ್ವಿನ್ ಮೀರಿದ ಮೇಲೆ ಇಂಗಾಲ ನೇರವಾಗಿ ಆವಿಯಾಗುವ ಉತ್ಪತನ ಪ್ರಬಲವಾಗಿ, ಅಪಾರ ಶಾಖವನ್ನು ಒಯ್ಯುತ್ತದೆ. ಇವುಗಳ ಜೊತೆಗೆ ಒಳಗಿನ ಅನಿಲದ ಒತ್ತಡದಿಂದಲೋ ಹರಿವಿನ ಎಳೆತದಿಂದಲೋ ಚೂರುಗಳು ಕಳಚಿಹೋಗುವುದುಂಟು. ಆವಿಯಾಗದೆ ಹೋದ ಚೂರು ಅಷ್ಟು ಶಾಖವನ್ನು ಒಯ್ಯದ ಕಾರಣ ಇದು ಬರಿಯ ನಷ್ಟ.

ಎರಡು ಹಾರಾಟಗಳು

1995ರ ಡಿಸೆಂಬರ್ 7ರಂದು ಗೆಲಿಲಿಯೊ ಶೋಧಕ ಸೆಕೆಂಡಿಗೆ 47 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಗುರುಗ್ರಹದ ವಾತಾವರಣವನ್ನು ಹೊಕ್ಕಿತು. ಸುಮಾರು 339 ಕಿ.ಗ್ರಾಂ. ತೂಕದ ಶೋಧಕದಲ್ಲಿ ಕವಚದ ಪಾಲೇ 152 ಕಿ.ಗ್ರಾಂ. ಅದರಲ್ಲಿ ಸುಮಾರು 80 ಕಿ.ಗ್ರಾಂ. ಸವೆದುಹೋಯಿತು. ಅಲ್ಲಿನ ಅನಿಲ ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ಗಾಳಿಯಲ್ಲಿ ಆಗುವಂಥ ಉತ್ಕರ್ಷಣಕ್ಕೆ ಎಡೆಯೇ ಇರಲಿಲ್ಲ. ತೀವ್ರ ವಿಕಿರಣದಿಂದಾದ ಉತ್ಪತನವೇ ಇಲ್ಲಿ ಮುಖ್ಯ. ಕವಚದೊಳಗೆ ಹುದುಗಿಸಿದ್ದ ಸಂವೇದಕಗಳು ಅನಿರೀಕ್ಷಿತ ಸಂಗತಿಯೊಂದನ್ನು ದಾಖಲಿಸಿದವು: ಮೂಗಿನ ತುದಿ ಅಂದಾಜಿಗಿಂತ ಕಡಿಮೆ ಸವೆದಿತ್ತು, ಪಕ್ಕೆ ಅಂದಾಜಿಗಿಂತ ಹೆಚ್ಚು. ಅಂಚಿನ ಬಳಿ ಉಳಿದಿದ್ದ ಕವಚ ತೀರ ತೆಳು. ಒಟ್ಟು ತೂಕದ ಲೆಕ್ಕವೊಂದನ್ನೇ ನೋಡಿದ್ದರೆ ಈ ಅಪಾಯ ಕಾಣುತ್ತಿರಲಿಲ್ಲ.

2006ರ ಜನವರಿ 15ರಂದು ಸೆಕೆಂಡಿಗೆ ಸುಮಾರು 12.9 ಕಿ.ಮೀ. ವೇಗದಲ್ಲಿ ಭೂಮಿಗೆ ಮರಳಿದ ಸ್ಟಾರ್‌ಡಸ್ಟ್ ಕೋಶದ ಕಥೆ ಬೇರೆ. ನಾಸಾದ ಏಮ್ಸ್ ಕೇಂದ್ರ ರೂಪಿಸಿದ ‘ಪಿಕಾ’ ಎಂಬ ಹಗುರ ವಸ್ತುವಿನ ಕವಚ ಅದಕ್ಕಿತ್ತು. ಕೋಶ ಯೂಟಾದಲ್ಲಿ ಕೈಗೆ ಸಿಕ್ಕಿದ್ದರಿಂದ ಕವಚವನ್ನು ಕೊರೆದು ಅಳೆಯಲು ಸಾಧ್ಯವಾಯಿತು. ಮೂಗಿನ ಬಳಿಯ ನೈಜ ಸವೆತ ಗಣಿತ ಮಾದರಿಗಳು ಹೇಳಿದ್ದಕ್ಕಿಂತ ಕಡಿಮೆಯಿತ್ತು.

ಉಪಸಂಹಾರ

ಈ ಎರಡು ಪ್ರಕರಣಗಳಲ್ಲಿ ತಪ್ಪಿದ ಅಂದಾಜುಗಳ ಫಲ ಒಂದೇ ಅಲ್ಲ. ಸವೆತವನ್ನು ಹೆಚ್ಚಾಗಿ ಎಣಿಸಿದರೆ ಉಪಕರಣಗಳಿಗೆ ಸಲ್ಲಬೇಕಾದ ತೂಕವನ್ನು ಕವಚ ನುಂಗುತ್ತದೆ. ಕಡಿಮೆ ಎಣಿಸಿದರೆ ನೌಕೆಯೇ ಉಳಿಯದಿರಬಹುದು. ಗಾಳಿಯಲ್ಲಿ ಪರೀಕ್ಷಿಸಿದ ಮಾದರಿಯನ್ನು ಹೈಡ್ರೋಜನ್‌ಗೆ, ಮೂಗಿನ ಲೆಕ್ಕವನ್ನು ಪಕ್ಕೆಗೆ ಹಾಗೆಯೇ ಅನ್ವಯಿಸಲಾಗದು. 2012ರಲ್ಲಿ ಮಂಗಳದಲ್ಲಿ ಇಳಿದ ಕ್ಯೂರಿಯಾಸಿಟಿಯ ಪಿಕಾ ಕವಚದಲ್ಲಿ ಸಂವೇದಕಗಳನ್ನು ಅಳವಡಿಸಿದ್ದು ಸರಿಯಾದ ಹೆಜ್ಜೆ. ವಾತಾವರಣವನ್ನು ಹೊಗುವ ಪ್ರತಿಯೊಂದು ನೌಕೆಯ ಕವಚದಲ್ಲೂ, ಮೂಗಿನಲ್ಲಷ್ಟೇ ಅಲ್ಲದೆ ಅಂಚಿನಲ್ಲೂ, ಇಂಥ ಅಳತೆಯ ಏರ್ಪಾಡು ಇರಬೇಕು.