60 ಮಜಲುಗಳ ಕರಾರು: ಟಿಪ್ಪು ಟಿಪ್–ಸ್ಟ್ಯಾನ್ಲಿ ಲೆಕ್ಕದ ಬಗ್ಗೆ ಒಂದು ಟಿಪ್ಪಣಿ

1. ವಿಷಯ

ಜಾಂಜಿಬಾರಿನ ದಂತ ಮತ್ತು ಗುಲಾಮ ವ್ಯಾಪಾರಿ ಹಮೇದ್ ಬಿನ್ ಮುಹಮ್ಮದ್ ಅಲ್ ಮುರ್ಜೆಬಿ (ರೂಢನಾಮ ಟಿಪ್ಪು ಟಿಪ್, ಮರಣ 14 ಜೂನ್ 1905) 1876ರ ಕೊನೆಯಲ್ಲಿ ಅನ್ವೇಷಕ ಹೆನ್ರಿ ಮಾರ್ಟನ್ ಸ್ಟ್ಯಾನ್ಲಿಯ ತಂಡಕ್ಕೆ ಕಾಂಗೋ ಮೇಲ್ದಂಡೆಯಲ್ಲಿ ಬೆಂಗಾವಲಾಗಿದ್ದ. ಇದಕ್ಕೆ ಪ್ರತಿಫಲವಾಗಿ ಸಿಕ್ಕಿದ್ದು ಸ್ಟ್ಯಾನ್ಲಿಯ ಒಂದು ಭಾವಚಿತ್ರ ಮಾತ್ರ ಎಂಬ ಮಾತುಂಟು. ಆಕರಗಳು ಅದನ್ನು ಪೂರ್ತಿ ಸಮರ್ಥಿಸುವಂತೆ ತೋರುವುದಿಲ್ಲ.

2. ಆಕರಗಳು

ಸ್ಟ್ಯಾನ್ಲಿಯ ಪ್ರವಾಸಗ್ರಂಥ ಅಚ್ಚಾದದ್ದು 1878ರಲ್ಲಿ. ಟಿಪ್ಪು ಟಿಪ್ ಅರಬ್ಬಿ ಲಿಪಿಯ ಸ್ವಾಹಿಲಿಯಲ್ಲಿ ಬರೆದ ಆತ್ಮಚರಿತ್ರೆಯನ್ನು ಹೈನ್‌ರಿಖ್ ಬ್ರೋಡೆ 1902–03ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ. ಮೊದಲನೆಯದು ಘಟನೆಗೆ ಎರಡು ವರ್ಷ ದೂರ, ಎರಡನೆಯದು ಸುಮಾರು ಕಾಲು ಶತಮಾನ. ಹಾಗೆಂದು ಮೊದಲನೆಯದೇ ಹೆಚ್ಚು ನಂಬಲರ್ಹ ಎನ್ನಲಾಗದು. ಸ್ಟ್ಯಾನ್ಲಿ ಬರೆದದ್ದು ಮಾರುಕಟ್ಟೆಗಾಗಿ.

ಆತ್ಮಚರಿತ್ರೆಯ ದೌರ್ಬಲ್ಯ ಇಸವಿಗಳದು. ಹನ್ನೆರಡನೆಯ ವಯಸ್ಸಿಗೆ ವ್ಯಾಪಾರಕ್ಕೆ ಇಳಿದೆ, ಹದಿನೆಂಟಕ್ಕೆ ತಂದೆಯೊಡನೆ ಒಳನಾಡಿಗೆ ಹೋದೆ ಎನ್ನುವ ಲೇಖಕ ವರ್ಷ ಕೊಡುವುದಿಲ್ಲ. ಹುಟ್ಟಿದ ವರ್ಷದ ಊಹೆಗಳು 1832ರಿಂದ 1840ರ ಆಸುಪಾಸಿನವರೆಗೆ ಹರಡಿರುವುದಕ್ಕೆ ಇದೂ ಒಂದು ಕಾರಣ. 1867ರ ಜುಲೈನಲ್ಲಿ ಅವನನ್ನು ಕಂಡ ಅನ್ವೇಷಕ ಲಿವಿಂಗ್‌ಸ್ಟನ್ನನ ದಿನಚರಿ ಕಾಲಗಣನೆಗೆ ಸಿಗುವ ಮೊದಲ ಭದ್ರ ಆಧಾರಗಳಲ್ಲೊಂದು. ಆದರೆ ದಂತದ ತೂಕವನ್ನು ಆತ್ಮಚರಿತ್ರೆ ಫ್ರಾಸಿಲಾ (ಸುಮಾರು 16 ಕಿ.ಗ್ರಾಂ.) ಲೆಕ್ಕದಲ್ಲಿ ಮತ್ತೆ ಮತ್ತೆ ಹೇಳುತ್ತದೆ. ಸೆರೆಸಿಕ್ಕ ಮನುಷ್ಯರ ಎಣಿಕೆಗೆ ಅಷ್ಟು ಶ್ರದ್ಧೆ ಇಲ್ಲ. ಏನೇ ಇರಲಿ, ಹಣದ ವಿಷಯದಲ್ಲಿ ಲೇಖಕನ ನೆನಪನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

3. ಮೊತ್ತ

ಸ್ಟ್ಯಾನ್ಲಿಯ ಪ್ರಕಾರ ಕರಾರು: ತಲಾ ನಾಲ್ಕು ಗಂಟೆಯ 60 ಮಜಲು, 5,000 ಡಾಲರ್. ಟಿಪ್ಪು ಟಿಪ್ ಹೇಳುವುದು 7,000. ಅಂತರಕ್ಕೆ ನಾಣ್ಯಭೇದ ಕಾರಣವಾಗಿರಲಾರದು: ಜಾಂಜಿಬಾರಿನಲ್ಲಿ ಚಲಾವಣೆಯಲ್ಲಿದ್ದ ಮರಿಯಾ ಥೆರೇಸಾ ಬೆಳ್ಳಿ ನಾಣ್ಯಕ್ಕೂ ಅಮೆರಿಕದ ಡಾಲರಿಗೂ ಆಗ ಬೆಲೆ ಹೆಚ್ಚುಕಡಿಮೆ ಸಮ.

4. ಹುಂಡಿ

ತಂಡ ನದಿದಂಡೆಯ ವ್ಯಾಪಾರ ಕೇಂದ್ರ ನ್ಯಾಂಗ್ವೆಯಿಂದ ಹೊರಟದ್ದು 5 ನವೆಂಬರ್ 1876. ಕಾಡಿನ ಕಷ್ಟಕ್ಕೆ ಬೇಸತ್ತ ಟಿಪ್ಪು ಟಿಪ್ 16ರಂದು ಹಿಂದಿರುಗುವೆನೆಂದ; ಇನ್ನು 20 ಮಜಲಿಗೆ 2,600 ಡಾಲರ್ ಎಂದು ಹೊಸ ಒಪ್ಪಂದವಾಯಿತು. ಡಿಸೆಂಬರ್ 28ರಂದು ಸ್ಟ್ಯಾನ್ಲಿ ವಿನ್ಯಾ ಎನ್‌ಜಾರಾದಿಂದ ನದಿಯಲ್ಲಿ ಮುಂದೆ ಹೋದ. ಬೀಳ್ಕೊಡುವಾಗ ಇಷ್ಟೇ ಮೊತ್ತದ ಹುಂಡಿ, ಜೊತೆಗೆ ಸವಾರಿ ಕತ್ತೆ, ಚಿನ್ನದ ಸರ, ಬಟ್ಟೆ, ಮಣಿ, 16,300 ಕವಡೆ ಇತ್ಯಾದಿ ಕೊಟ್ಟದ್ದಾಗಿ ಸ್ಟ್ಯಾನ್ಲಿ ಪಟ್ಟಿ ಮಾಡಿದ್ದಾನೆ.

ಹುಂಡಿ ಈ 20 ಮಜಲಿಗಷ್ಟೇ ಸಂದದ್ದಾದರೆ ಮಜಲಿಗೆ 130 ಡಾಲರ್ ಬಿದ್ದಂತಾಯಿತು. ಮೊದಲ ಹನ್ನೊಂದು ದಿನಗಳ ನಡಿಗೆಯೂ, ಹತ್ತು ಮಜಲಿನಷ್ಟೆಂದು ಹಿಡಿದರೆ, ಅದರಲ್ಲೇ ಅಡಕವಾಗಿದ್ದರೆ ದರ ಸುಮಾರು 87. ಮೂಲ ಕರಾರಿನ ದರ 5,000ಕ್ಕೆ 83, 7,000ಕ್ಕೆ 117. ಎಂದರೆ ಒಂದು ಓದು ಸ್ಟ್ಯಾನ್ಲಿಯ ಅಂಕಿಗೆ ಒದಗುತ್ತದೆ, ಇನ್ನೊಂದು ಟಿಪ್ಪು ಟಿಪ್‌ನ ಅಂಕಿಗೆ ಹತ್ತಿರವಾಗುತ್ತದೆ. ಟಿಪ್ಪು ಟಿಪ್‌ನ ಅಂಕಿಗೆ ಹತ್ತಿರವಾಗುವ 130ರ ಓದೂ ಸ್ಟ್ಯಾನ್ಲಿಯದೇ ಅಂಕಿಗಳಿಂದ ಹೊರಡುತ್ತದೆ ಎಂಬುದು ಗಮನಾರ್ಹ. ನಡುದಾರಿಯಲ್ಲಿ ಕುದುರಿಸಿದ ದರ ಮೂಲ ದರಕ್ಕಿಂತ ಏರಿರುವುದೂ ಅಸಂಭವವಲ್ಲ. ಆಗ ಈ ಹೋಲಿಕೆಯಿಂದ ಏನೂ ಸಿದ್ಧವಾಗದು.

5. ಭಾವಚಿತ್ರ

ಆತ್ಮಚರಿತ್ರೆಯ ದೂರು, ಊರು ಸೇರಿದ ಮೇಲೆ ಕೊಡುವೆನೆಂದು ಸ್ಟ್ಯಾನ್ಲಿ ಆಡಿದ ಮಾತಿಗೆ ಸಂಬಂಧಿಸಿದ್ದು, ಬಂದದ್ದು ಚಿತ್ರ. ಇದನ್ನು ಹುಂಡಿಯ ಬಾಬತ್ತಿಗೆ ಬೆರೆಸಲು ಪಠ್ಯದಲ್ಲಿ ಸ್ಪಷ್ಟ ಆಧಾರವಿದ್ದಂತಿಲ್ಲ. ಎರಡೂ ಬೇರೆ ಬೇರೆ ಋಣಗಳೆಂದು ಓದುವುದು ಸುರಕ್ಷಿತ.

ಇನ್ನೊಂದು ಎಚ್ಚರಿಕೆಯೂ ಬೇಕು. 1887ರ ಫೆಬ್ರವರಿಯಲ್ಲಿ ಇವರಿಬ್ಬರೂ ಮತ್ತೆ ಕರಾರು ಮಾಡಿಕೊಂಡರು: ಟಿಪ್ಪು ಟಿಪ್‌ಗೆ ತಿಂಗಳಿಗೆ 30 ಪೌಂಡ್ ಸಂಬಳದ ಸ್ಟ್ಯಾನ್ಲಿ ಜಲಪಾತದ ಆಡಳಿತಾಧಿಕಾರ, ಪ್ರತಿಯಾಗಿ 600 ಹೊರೆಯಾಳುಗಳನ್ನು ಒದಗಿಸುವ ಮಾತು. ಆಳುಗಳು ತಡವಾಗಿ, ಕಡಮೆ ಸಂಖ್ಯೆಯಲ್ಲಿ ಬಂದರು. ಸ್ಟ್ಯಾನ್ಲಿ 10,000 ಪೌಂಡ್ ಪರಿಹಾರಕ್ಕೆ ದಾವೆ ಹೂಡಿ ಕೊನೆಗೆ ಕೈಬಿಟ್ಟ. ಆತ್ಮಚರಿತ್ರೆ ಈ ವ್ಯಾಜ್ಯದ ನಂತರದ್ದು. 1876ರ ಲೆಕ್ಕವನ್ನು ಅದರಿಂದ ಎತ್ತಿಕೊಳ್ಳುವಾಗ ಈ ಕ್ರಮವನ್ನೂ ನಮೂದಿಸಬೇಕು.